ಬಂದಳಿಕೆಯ ಕೆಳಗೆ

ಶಿವರುದ್ರಪ್ಪನಿಗೆ ಕಾಯಂ ನೌಕರಿ ಇರಲಿಲ್ಲ. ಪುಣೆ ಕ್ಯಾಂಪಿನಲ್ಲಿ ಫೌಜಿಗೆ ಗುಡಾರ ಹೊಲಿಸಿ ಕೊಡುವ ಇಂಗ್ಲಿಷ್ ಕಂಪನಿಯೊಂದರಲ್ಲಿ ಅವನು ಮೂರು ವರ್ಷದಿಂದ ಟೆಂಪರರಿ ಡಿಸ್ಪ್ಯಾಚ್ ಗುಮಾಸ್ತ. ಪ್ರತಿ ಜನವರಿ ಒಂದನೇ ತಾರೀಖು ಕಾಯಂ ಆದವರ ಯಾದಿ ಗೋಡೆಗೆ ಹತ್ತುತ್ತಿತ್ತು. ಎರಡು ಸಲ ಅದನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿ, ಸುಮ್ಮನೆ ಬಂದು ತನ್ನ ಸ್ಟೂಲಿನ ಮೇಲೆ ಕೂತಿದ್ದ.

ಈ ಸಲ ಹೆಸರು ಬಂದಿದೆ ಎಂದು ಹೆಡ್ ಕ್ಲಾರ್ಕ್ ಮಾರ್ತಾಂಡರಾಯರು ಹೇಳಿದ್ದರು. ಇನ್ನೂ ಪೆನ್ಸಿಲಿನಲ್ಲಿದೆ ಎಂದೂ ಹೇಳಿದ್ದರು. ಹಾಗಾಗಿ ೧೯೪೩ರ ಡಿಸೆಂಬರ್ ಅವನಿಗೆ ಪೂರ್ತಿ ಹೆದರಿಕೆಯಲ್ಲೇ ಕಳೆಯಿತು. ಜೋರಾಗಿ ಕೆಮ್ಮಲಿಲ್ಲ, ಒಂದು ದಿನವೂ ತಡವಾಗಿ ಬರಲಿಲ್ಲ, ಯಾರ ಜೊತೆಗೂ ಯುದ್ಧದ ಸುದ್ದಿ ಮಾತಾಡಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವನು ಎಚ್ಚರ ತಪ್ಪಿದ್ದ. ಅದು ಟೈಪಿಸ್ಟ್ ಇಂದೂ ಕಟ್ಟಿ.

ಇಂದೂ ಧಾರವಾಡದ ಬ್ರಾಹ್ಮಣರ ಹುಡುಗಿ. ಇಪ್ಪತ್ತೆರಡು ವಯಸ್ಸು. ತಂದೆ ತೀರಿದ ಮೇಲೆ ತಾಯಿಯ ಜೊತೆ ಪುಣೆಯ ಶುಕ್ರವಾರ ಪೇಟೆಯ ಸೋದರಮಾವ ಅಪ್ಪಾಸಾಹೇಬರ ಮನೆಗೆ ಬಂದಿದ್ದಳು. ಅಪ್ಪಾಸಾಹೇಬರು ಅವಳನ್ನು ಕೆಲಸಕ್ಕೆ ಕಳಿಸಿದ್ದು ಒಂದು ಷರತ್ತಿನ ಮೇಲೆ. ಆಫೀಸಿನ ಕಡೆಯಿಂದ ಒಂದು ಕೆಟ್ಟ ಮಾತು ಕಿವಿಗೆ ಬಿದ್ದರೂ ಮರುದಿನವೇ ಕೆಲಸ ಬಂದ್, ಮರುತಿಂಗಳು ಮದುವೆ. ವರ ಕೂಡ ತಯಾರಿದ್ದ. ನಲವತ್ತೊಂದು ವರ್ಷದವನು, ಹೆಂಡತಿ ಸತ್ತವನು.

ಇದೆಲ್ಲ ಶಿವರುದ್ರಪ್ಪನಿಗೆ ಹದಿನಾಲ್ಕು ತಿಂಗಳಲ್ಲಿ ತುಣುಕು ತುಣುಕಾಗಿ ಗೊತ್ತಾಗಿತ್ತು. ಆಫೀಸಿನಲ್ಲಿ ನಡೆಯುತ್ತಿದ್ದದ್ದು ಮರಾಠಿ, ಸಾಹೇಬರು ಬಂದಾಗ ಇಂಗ್ಲಿಷ್. ಇವರಿಬ್ಬರು ಕನ್ನಡ ಮಾತಾಡುವುದಕ್ಕೆ ಒಂದು ಕಾರಣ ಬೇಕಿತ್ತು. ಕಾಗದಗಳು ಕಾರಣವಾದವು. ಅವಳು ಟೈಪ್ ಮಾಡಿದ್ದನ್ನು ತಂದು ಅವನ ಮೇಜಿನ ಮೇಲೆ ಇಡುವಳು, ಅವನು ಲಕೋಟೆಗೆ ಹಾಕುವನು. ನಾಲ್ಕು ಕಾಗದ ಒಟ್ಟಿಗೆ ತರಬಹುದಾದ ದಿನ ಅವಳು ಒಂದೊಂದೇ ತರುತ್ತಿದ್ದಳು. ಅದನ್ನು ಅವನು ಗಮನಿಸಿದ್ದ. ಗಮನಿಸಿದ್ದು ಅವಳಿಗೂ ಗೊತ್ತಿತ್ತು.

"ನಿನ್ನೆ ತನಕ ಐತಿ ಅಂತಿದ್ರಿ. ಇವತ್ತ ಅದ ಅಂದ್ರಿ," ಎಂದಳು ಒಂದು ದಿನ, ಲಕೋಟೆಯ ಮೇಲಿನ ವಿಳಾಸ ನೋಡುತ್ತಲೇ.

"ಬಾಯಿ ತಪ್ಪಿ ಬಂತ್ರಿ."

"ತಪ್ಪಲಿ ಬಿಡ್ರಿ. ಛಲೋ ಕೇಳಸ್ತದ."

ಅಂದು ಅವನು ಸೋಲಾಪುರದ ಕಾಗದವನ್ನು ಕರಾಚಿಯ ಲಕೋಟೆಗೆ ಹಾಕಿದ. ಅವನು ಬೈಲಹೊಂಗಲದ ಲಿಂಗಾಯತ; ‘ಐತಿ’ ಅವನ ಮನೆಯ ಮಾತು, ‘ಅದ’ ಅವಳ ಮನೆಯದು. ಲಕೋಟೆಯ ತಪ್ಪನ್ನು ತಿದ್ದಬಹುದಿತ್ತು. ಇನ್ನೊಂದನ್ನು ತಿದ್ದುವ ದಾರಿ ಅವನಿಗೆ ತಿಳಿದಿರಲಿಲ್ಲ.

ಆ ವರ್ಷ ಕ್ರಿಸ್ಮಸ್ ಪಾರ್ಟಿಗೆ ಹಿಂದೂಸ್ತಾನಿ ನೌಕರರನ್ನೂ ಕರೆಯಬೇಕೆಂದು ದೊಡ್ಡ ಸಾಹೇಬರು ಹೇಳಿಬಿಟ್ಟರು. ಡಿಸೆಂಬರ್ ಇಪ್ಪತ್ತನಾಲ್ಕು, ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ ಆಫೀಸಿನ ದೊಡ್ಡ ಹಾಲಿನಲ್ಲಿ. ಮಾರ್ತಾಂಡರಾಯರು ಆ ವಾರ ನಿದ್ದೆ ಬಿಟ್ಟರು. ಒಂಬತ್ತು ವರ್ಷದಿಂದ ಪಾರ್ಟಿಗೆ ಹೋಗುತ್ತಿದ್ದ ಒಬ್ಬರೇ ದೇಶೀ ಮನುಷ್ಯ ಅವರು. ಈಗ ಹದಿನೇಳು ಮಂದಿಯ ನಡತೆಗೆ ಅವರೇ ಜಾಮೀನು. ಎಲ್ಲರಿಗೂ ಮರಾಠಿಯಲ್ಲಿ ನಿಯಮ ಓದಿ ಹೇಳಿದರು. ಆಮೇಲೆ ನಮ್ಮ ಭಾಷೆಯವನು ಎಂಬ ಕರುಣೆಯಿಂದ ಶಿವರುದ್ರಪ್ಪನಿಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು.

"ಚಹಾ ಬಶಿಗೆ ಸುರಕೊಂಡು ಕುಡೀಬ್ಯಾಡ. ತೇಗಬ್ಯಾಡ. ಮೇಮಸಾಹೇಬರು ಕೈ ಮುಂದ ಮಾಡಿದ್ರ ಹಿಡಿ. ಹಿಡಿದು ಬಿಡು, ಹಿಡಕೊಂಡ ನಿಂದರಬ್ಯಾಡ. ಕೇಕಿನಾಗ ತತ್ತಿ ಇರತದ."

"ನಾವು ತತ್ತಿ ಮುಟ್ಟೂದಿಲ್ರಿ."

"ನಾ ಏನ ತಿಂತೀನೇನು? ಪ್ಲೇಟ್ ಹಿಡಕೊಂಡ ನಿಂದರಬೇಕು. ಒಂಬತ್ತು ವರ್ಷ ನಿಂತೀನಿ. ಇನ್ನ, ಸಾಹೇಬರು ನಕ್ಕಮ್ಯಾಲೆ ನಗು. ನೀ ಮೊದಲ ನಗಬ್ಯಾಡ."

"ನಗೂವಂಥಾದ್ದು ಏನರ ಇರತೈತೇನ್ರಿ ಅಲ್ಲಿ?"

"ಇರೂದಿಲ್ಲ. ಅದಕ್ಕ ಹೇಳಿದ್ದು." ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಕಡೀದು ಇದು. ಅಲ್ಲೆ ಏನ ನೋಡಿದ್ರೂ ಅದು ಅವರ ರಿವಾಜು. ಅಡ್ಡ ಹೋಗಬ್ಯಾಡ. ಅಡ್ಡ ಹೋದವರ ಹೆಸರು ನನ್ನ ಕೈಲೇ ಅಳಸ್ತಾರ."

ಅವರು ಇನ್ನೊಂದು ಕೆಲಸವನ್ನೂ ಹಚ್ಚಿದರು. ದೊಡ್ಡ ಸಾಹೇಬರಿಗೆ ಪಾರ್ಟಿಗೆ ಒಂದು ಗಿಡ ಬೇಕಾಗಿತ್ತು. ಮಾವಿನ ಮರದ ಮೇಲೆ ಹುಟ್ಟಿ, ಮರದ ರಸವನ್ನೇ ಹೀರಿ ಬೆಳೆಯುವ ಗಿಡ, ಹಣ್ಣಿನ ಸಮೇತ. ಶಿವರುದ್ರಪ್ಪನಿಗೆ ಅದು ಗೊತ್ತು. ಬಂದಳಿಕೆ. ಊರಲ್ಲಿ ಕಂಡಲ್ಲಿ ಕಡಿದು ಒಗೆಯುತ್ತಿದ್ದರು, ಇಲ್ಲದಿದ್ದರೆ ಮರ ಸಾಯುತ್ತದೆ. ಹಗ್ಗ ತರಲು ಹೊರಟ ಲಾರಿಯಲ್ಲಿ ಕೂತು ಸಾಸವಡಕ್ಕೆ ಹೋಗಿ, ತೋಟದವರ ನಗುವಿಗೆ ಗುರಿಯಾಗಿ, ಒಂದು ದೊಡ್ಡ ಗೊಂಚಲು ಕಡಿದು ತಂದ.

ಶುಕ್ರವಾರ ಬೆಳಿಗ್ಗೆ ಹಾಲಿನಿಂದ ವರಾಂಡಕ್ಕೆ ಹೋಗುವ ಬಾಗಿಲಿನ ಮೇಲೆ ಅದನ್ನು ಕಟ್ಟಲು ಸ್ಟೂಲ್ ಹತ್ತಿದ. ಹುರಿ ಹಿಡಿದು ಕೆಳಗೆ ನಿಂತವಳು ಇಂದೂ. ಅವಳನ್ನು ಯಾರೂ ಕರೆದಿರಲಿಲ್ಲ. ಟೈಪ್‌ರೈಟರಿನ ರಿಬ್ಬನ್ ಮುಗಿದಿದೆ ಎಂದು ಹೇಳಿ ಎದ್ದು ಬಂದಿದ್ದಳು.

"ಇವರೂ ತೋರಣ ಕಟ್ಟತಾರಲ್ಲ," ಎಂದಳು. "ಮಾವಿನ ಎಲಿ ಬಿಟ್ಟು ಮಾವಿನ ಮ್ಯಾಲಿನ ಕಳ್ಳನ್ನ ಕಟ್ಟತಾರ, ಅಷ್ಟ."

"ನಮ್ಮವ್ವ ನೋಡಿದ್ರ ಕಿತ್ತ ಒಗೀತಿದ್ಲು."

"ಎಡಕ್ಕ ಬಾಗೇದ ನೋಡ್ರಿ. ಅಲ್ಲ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕ."

ಅವನು ಗಂಟು ಹಾಕಿ ಇಳಿದ. ಇಬ್ಬರೂ ಕುತ್ತಿಗೆ ಎತ್ತಿ ನೋಡುತ್ತ ಅದರ ಕೆಳಗೇ ನಿಂತರು. ಕೆಂಪು ಬಣ್ಣಕ್ಕೆ ತಿರುಗಿದ ಸಣ್ಣ ಹಣ್ಣುಗಳು. ಅವಳ ತುರುಬಿನ ಅಬ್ಬಲಿಗೆಯ ಮೇಲೆ ಒಂದು ಎಲೆ ಬಿತ್ತು. ತೆಗೆಯಲೆಂದು ಅವನು ಕೈ ಎತ್ತಿದ, ಅರ್ಧಕ್ಕೇ ಇಳಿಸಿದ. ಆ ಅರ್ಧ ಎತ್ತಿದ ಕೈಯನ್ನು ಅವಳು ನೋಡಿದಳು. ಎಲೆಯನ್ನು ತಾನೂ ತೆಗೆಯಲಿಲ್ಲ.

ಹಿಂದೆ ಯಾರೋ ನಕ್ಕರು. ಖಜಾನೆಯ ಮಿಸ್ ರೆಬೆಲೊ. ಬೆಳಗಾವಿಯ ಕ್ಯಾಥೋಲಿಕ್ ಹೆಂಗಸು, ಐವತ್ತು ದಾಟಿದವರು, ಮನೆಮಾತಿನಷ್ಟು ಚೆನ್ನಾಗಿ ಕನ್ನಡ ಬರುತ್ತಿತ್ತು. ಇಂದೂ ನಾಚಿ ಒಳಗೆ ಹೋದಳು.

"ಏನ್ರಿ ಬಾಯಾರ, ಯಾಕ ನಗತೀರಿ?" ಎಂದ ಶಿವರುದ್ರಪ್ಪ.

"ಅದರ ಕೆಳಗ ಆಕಿನ್ನ ನಿಲ್ಲಿಸಿಕೊಂಡು ಸುಮ್ಮನ ನಿಂತೀಯಲ್ಲ, ಅದಕ್ಕ. ಅದು ಯಾತಕ್ಕ ಕಟ್ಟತಾರ ಗೊತ್ತದೇನು ನಿನಗ?"

ಹೇಳಿದರು. ಅದರ ಕೆಳಗೆ ಹೆಣ್ಣು ನಿಂತು ಸಿಕ್ಕರೆ ಗಂಡಸು ಮುತ್ತು ಕೊಡಬಹುದು, ಎಲ್ಲರೆದುರು. ಅವಳು ಒಲ್ಲೆ ಅನ್ನುವಂತಿಲ್ಲ, ಅಂದರೆ ಅವಳೇ ಮರ್ಯಾದೆ ಗೊತ್ತಿಲ್ಲದವಳು. ಒಂದು ಮುತ್ತಿಗೆ ಒಂದು ಹಣ್ಣು ಹರಿಯಬೇಕು. ಹಣ್ಣು ಮುಗಿದರೆ ಆಟ ಮುಗಿಯಿತು.

ಶಿವರುದ್ರಪ್ಪನ ಕಣ್ಣ ಮುಂದೆ ಬಂದದ್ದು ಕ್ರೇಲ್ ಸಾಹೇಬ. ಕ್ರೇಲ್ ಚಿಕ್ಕ ಸಾಹೇಬ. ಡಿಕ್ಟೇಶನ್ ಕೊಡುವಾಗ ಇಂದೂಳ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಲ್ಲುವವನು. ಅವಳು ಮುಂದೆ ಸರಿದು ಸರಿದು ಮೇಜಿನ ಅಂಚಿಗೆ ಎದೆ ತಾಗಿಸಿ ಟೈಪ್ ಮಾಡುತ್ತಿದ್ದಳು.

ಮಿಸ್ ರೆಬೆಲೊ ಈಗ ನಗುತ್ತಿರಲಿಲ್ಲ. "ಆಕಿಗಿಂತ ಮೊದಲಿದ್ದ ಆಂಗ್ಲೋ-ಇಂಡಿಯನ್ ಟೈಪಿಸ್ಟ್ ಹುಡುಗಿ, ಪಾರ್ಟಿಗೆ ಹೋಗಿದ್ದಾಕಿ, ಹೋದ ವರ್ಷ ಜನವರಿಯಾಗ ಯಾಕ ಬಿಟ್ಟು ಹೋದ್ಲು ಅಂತ ಯಾರೂ ಕೇಳಲಿಲ್ಲ. ನೀನೂ ಕೇಳಬ್ಯಾಡ. ಆಕಿಗೆ ಬಾಗಿಲ ಕಡೆ ಹೋಗಬ್ಯಾಡ ಅಂತ ಹೇಳು, ಅಷ್ಟ."

ಹೇಳುವುದು ಹೇಗೆ? ಬೆಳಗಿನಿಂದ ಒಂದು ಗಂಟೆಯವರೆಗೆ ಅವನು ಆ ಒಂದು ಮಾತನ್ನು ಬಾಯಲ್ಲಿ ತಿರುವಿದ. ಒಬ್ಬ ಗಂಡಸು ಒಬ್ಬ ಮರ್ಯಾದಸ್ಥ ಹೆಣ್ಣಿಗೆ ಹೇಳಬಹುದಾದ ಮಾತೇ ಅದಾಗಿರಲಿಲ್ಲ. ಊಟದ ಬಿಡುವಿನಲ್ಲಿ ಅವಳ ಮೇಜಿನ ಹತ್ತಿರ ಹೋಗಿ ನಿಂತ.

"ಇಂದೂಬಾಯಿ, ಸಂಜೀಕ ಆ ಬಾಗಿಲ ಕಡೆ ಹೋಗಬ್ಯಾಡ್ರಿ."

"ಯಾಕ?"

"ಅದು ತೋರಣ ಅಲ್ಲಂತ."

"ಮತ್ತೇನು?"

"ಅದರ ಕೆಳಗ ನಿಂತವರಿಗೆ... ಅವರ ಪದ್ಧತಿ ಒಂದು ಅದ. ಗಂಡಸರು ಬಂದು..." ಕಿವಿ ಬಿಸಿಯಾಗಿ ಮಾತು ನಿಂತಿತು. "ಇಂಗ್ಲಿಷ್ ಪಿಕ್ಚರಿನಾಗ ಕಡೀಕ ಮಾಡ್ತಾರಲ್ರಿ, ಅದು."

ಅವಳ ಮುಖದಲ್ಲಿ ಮೊದಲು ನಗು ಬಂತು. ಆಮೇಲೆ, ಅವನು ಯಾರ ಹೆಸರನ್ನೂ ಹೇಳದೆಯೇ, ಅವಳ ಕಣ್ಣು ಕ್ರೇಲ್ ಸಾಹೇಬನ ಕೋಣೆಯ ಬಾಗಿಲಿಗೆ ಹೋಯಿತು. ನಗು ಇಳಿಯಿತು.

"ಅದಕ್ಕ ಕೇಳಿದ್ನೇನು," ಎಂದಳು ನಿಧಾನಕ್ಕೆ. "ಸಂಜೀಕ ನೀ ಬರ್ತೀಯಲ್ಲ, ನಿನಗ ನಮ್ಮ ಪದ್ಧತಿ ಕಲಿಸ್ತೀನಿ ಅಂದಿದ್ದ."

"ಮನಿಗೆ ಹೋಗಿಬಿಡ್ರಿ. ಜ್ವರ ಅಂತ ಹೇಳ್ರಿ."

"ಬರಲಾರದವರ ಹೆಸರು ಬರಕೋತಾರಂತ. ನೌಕರಿ ಹೋದ್ರ ಮಾವ ಆ ಮನುಷ್ಯಾಗ ಕಟ್ಟತಾನ. ಬಂದು, ಎಲ್ಲಾರ ಮುಂದ ಅದು ಆದ್ರ, ಮಾವ ಹೋಗೂ ಮಠಕ್ಕ ಮಾರ್ತಾಂಡರಾಯರೂ ಹೋಗತಾರ, ನಾಳೆ ಅಲ್ಲೆ ಹೇಳತಾರ. ಆಗೂ ಕಟ್ಟತಾನ." ಅವಳ ಬೆರಳುಗಳು ಟೈಪ್‌ರೈಟರಿನ ಕೀಲಿಗಳ ಮೇಲಿದ್ದವು, ಒತ್ತದೆ. "ಎರಡೂ ಕಡೆ ಗ್ವಾಡೀನ."

ಆಗ ಅವನು ಹಣ್ಣಿನ ವಿಷಯ ಹೇಳಿದ. ಒಂದಕ್ಕೆ ಒಂದು. ಮುಗಿದರೆ ಮುಗಿಯಿತು.

ಅವಳು ತಲೆ ಎತ್ತಿದಳು. "ಎಷ್ಟ ಅದಾವ?"

"ಎಣಿಸಿಲ್ರಿ."

"ಮಾರ್ತಾಂಡರಾಯರು ಊಟಕ್ಕ ಕೂತಾರ. ಸ್ಟೂಲ್ ಇನ್ನೂ ಅಲ್ಲೇ ಅದ. ನಾ ಬಾಗಿಲು ಕಾಯ್ತೀನಿ."

ಅವನು ಬೇಡ ಎನ್ನಬೇಕಿತ್ತು. ಸಾಹೇಬರ ಅಲಂಕಾರಕ್ಕೆ ಕೈ ಹಚ್ಚುವುದೆಂದರೆ ತನ್ನ ಹೆಸರಿಗೆ ತಾನೇ ರಬ್ಬರ್ ಹಚ್ಚಿದಂತೆ. ಆದರೆ ಅವಳು ಅಷ್ಟು ಹೊತ್ತಿಗೆ ಎದ್ದು ಹಾಲಿನ ಕಡೆ ನಡೆದಿದ್ದಳು.

ಅವನು ಸ್ಟೂಲ್ ಹತ್ತಿ ಹರಿಯತೊಡಗಿದ. ಹಣ್ಣು ಒಡೆದು ಅಂಟು ಬೆರಳಿಗೆ ಮೆತ್ತಿಕೊಂಡಿತು. ಒಂದೊಂದನ್ನೂ ಕೋಟಿನ ಜೇಬಿಗೆ ಹಾಕಿದ. ಅವಳು ಬಾಗಿಲ ಸಂದಿಯಿಂದ ಹೊರಗೆ ನೋಡುತ್ತ ಪಿಸುಗುಟ್ಟುತ್ತಿದ್ದಳು, "ಲಗೂ ರೀ. ಲಗೂ." ಇಪ್ಪತ್ಮೂರು ಆದವು. ಇಳಿದಾಗ ಅವನ ಕೈ ಒರೆಸಿಕೊಳ್ಳಲು ಅವಳು ತನ್ನ ಕರವಸ್ತ್ರ ಕೊಟ್ಟಳು. ಅವನು ತೆಗೆದುಕೊಳ್ಳಲು ಹಿಂಜರಿದ. ಅವಳು ಅವನ ಮಣಿಕಟ್ಟು ಹಿಡಿದು, ತಾನೇ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

"ನಡಗತೀರಲ್ಲ," ಎಂದಳು.

"ಹೆದರಿಕಿ ಆಗೇದ್ರಿ."

"ನಂಗೂ. ಆದ್ರ ನಿಮ್ಮ ಕೈ ನಡಗೂದು ನೋಡಿ ನನ್ನದು ಕಮ್ಮಿ ಆತು."

ನಾಲ್ಕಕ್ಕೆ ಎಲ್ಲರೂ ಸೇರಿದರು. ಹದಿನೇಳು ಮಂದಿ ಗೋಡೆಗೆ ಬೆನ್ನು ಹಚ್ಚಿ, ತತ್ತಿಯ ಕೇಕಿನ ಪ್ಲೇಟನ್ನು ಕೈಯಲ್ಲಿ ಹಿಡಿದು ನಿಂತರು. ಮಾರ್ತಾಂಡರಾಯರ ಕಣ್ಣು ಒಬ್ಬೊಬ್ಬರ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ದೊಡ್ಡ ಸಾಹೇಬರು ಯುದ್ಧದ ಬಗ್ಗೆ ಏನೋ ಹೇಳಿ ನಕ್ಕರು. ರಾಯರು ನಕ್ಕರು. ಹದಿನೇಳೂ ಮಂದಿ ನಕ್ಕರು.

ಶಿವರುದ್ರಪ್ಪ ಬಾಗಿಲಿನ ಪಕ್ಕದಲ್ಲಿ ಜಾಗ ಹಿಡಿದಿದ್ದ. ಇಂದೂ ದೂರದ ಮೂಲೆಯಲ್ಲಿ ಮಿಸ್ ರೆಬೆಲೊ ಹಿಂದೆ ನಿಂತಿದ್ದಳು. ನಡುನಡುವೆ ಅವನ ಕಡೆ ನೋಡಿ, ರೆಪ್ಪೆ ಇಳಿಸಿ, ಮತ್ತೆ ನೋಡುವಳು. ಆ ನೋಟಕ್ಕೆ ಅವನಿಗೆ ಧೈರ್ಯ ಬಂತು. ಸುಮ್ಮನೆ ಮೇಲೆ ನೋಡಿದ.

ಒಂದು ಹಣ್ಣು ಉಳಿದಿತ್ತು.

ಗೊಂಚಲಿನ ಹಿಂದುಗಡೆ, ಎಲೆಯ ಅಡಿ. ಸ್ಟೂಲಿನ ಮೇಲಿಂದ ಕಂಡಿರಲಿಲ್ಲ, ನೆಲದಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

ಐದೂವರೆಗೆ ಕ್ರೇಲ್ ಸಾಹೇಬ ಗ್ಲಾಸು ಇಟ್ಟು, ಗುಂಪನ್ನು ಸೀಳಿಕೊಂಡು ಮೂಲೆಗೆ ಹೋದ. ಮಿಸ್ ರೆಬೆಲೊಗೆ ಏನೋ ಹೇಳಿ ಪಕ್ಕಕ್ಕೆ ಸರಿಸಿದ. ಇಂದೂಳ ಮೊಣಕೈ ಹಿಡಿದ. "ಮಿಸ್ ಕಟ್ಟಿ, ವರಾಂಡದಿಂದ ಸೂರ್ಯಾಸ್ತ ನೋಡಬೇಕು ನೀವು," ಎಂದು ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದ. ಅವಳು ಹೆಜ್ಜೆ ಗಟ್ಟಿ ಮಾಡಿದಳು. ಅವನು ನಗುತ್ತಲೇ ಎಳೆದ. ಸಾಹೇಬರುಗಳು ತಿರುಗಿ ನೋಡಿದರು, ಅವರಿಗೆ ಗೊತ್ತಿತ್ತು. ಗುಮಾಸ್ತರೂ ನೋಡಿದರು, ಅವರಿಗೆ ಗೊತ್ತಿರಲಿಲ್ಲ. ರಾಯರು ನೆಲ ನೋಡಿದರು.

ಬಾಗಿಲಿನ ಕೆಳಗೆ ಬಂದು ಕ್ರೇಲ್ ನಿಂತ. ತಲೆ ಎತ್ತಿ ಹುಡುಕಿದ. "ಅರೆ, ಯಾರೋ ಕದ್ದಿದ್ದಾರೆ. ಇಲ್ಲ, ಒಂದಿದೆ. ಒಂದು ಸಾಕು." ಅವನ ಕೈ ಮೇಲೆದ್ದಿತು.

ಇಂದೂ ಶಿವರುದ್ರಪ್ಪನನ್ನು ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬೇಡಿಕೆಯೂ ಇರಲಿಲ್ಲ. ಇವನಿಂದ ಏನು ಆದೀತು ಎಂದು ಮೊದಲೇ ಕ್ಷಮಿಸಿಬಿಟ್ಟ ನೋಟ ಅದು. ಅದನ್ನು ಅವನಿಂದ ತಡೆಯಲಾಗಲಿಲ್ಲ.

ಪ್ಲೇಟು ಕೆಳಗೆ ಬಿತ್ತು. ಅವನು ಕ್ರೇಲ್‌ಗಿಂತ ನಾಲ್ಕು ಬೆರಳು ಎತ್ತರ. ಸಾಹೇಬನ ಭುಜದ ಮೇಲಿಂದ ಕೈ ಹಾಕಿ ಆ ಹಣ್ಣನ್ನು ಹರಿದ.

ಅಂಗೈಯಲ್ಲಿ ಹಣ್ಣು ಹಿಡಿದು ನಿಂತಾಗ ಮಾತ್ರ ತಾನು ಮಾಡಿದ್ದೇನು ಎಂದು ಅವನಿಗೆ ತಿಳಿಯಿತು. ಹರಿದವನಿಗೆ ಹಕ್ಕು. ಇಂದೂ ಇನ್ನೂ ಅದರ ಕೆಳಗೆ ನಿಂತಿದ್ದಳು.

ದೊಡ್ಡ ಸಾಹೇಬರ ಹೆಂಡತಿಯೇ ಮೊದಲು ಮಾತಾಡಿದ್ದು. ಒಳ್ಳೆಯ ಹೆಂಗಸು, ಮುಜುಗರವನ್ನು ನಗೆಯಲ್ಲಿ ಮುಗಿಸಬೇಕೆಂದು ಬಯಸಿದವರು. "ಸರಿ ಬಾಬು, ಹಣ್ಣು ನಿಮ್ಮದಾಯಿತು. ಈಗ ರಿವಾಜು ಮುಗಿಸಿ. ನಾವೆಲ್ಲ ಕಾಯುತ್ತಿದ್ದೇವೆ."

ಯಾರೋ ಚಪ್ಪಾಳೆ ತಟ್ಟಿದರು. ಕ್ರೇಲ್ ಕೈಕಟ್ಟಿ ನಿಂತ. ಮುತ್ತು ಕೊಟ್ಟರೆ ಅವಳ ಮಾನ ಹೋಯಿತು. ಕೊಡದಿದ್ದರೆ ಕ್ರೇಲ್ ಕೊಡುತ್ತಾನೆ. ಮೂರು ವರ್ಷ ಲಕೋಟೆಯ ಮೇಲೆ ಬರೆದ ಇಂಗ್ಲಿಷ್ ಬಿಟ್ಟು ಬೇರೆ ಇಂಗ್ಲಿಷ್ ಶಿವರುದ್ರಪ್ಪನ ಬಾಯಿಂದ ಹೊರಟದ್ದೇ ಕಡಿಮೆ.

"ಮೇಡಂ," ಎಂದ, "ನಾವಿಬ್ಬರು ಮದುವೆಯಾಗುವವರು. ನಮ್ಮಲ್ಲಿ ಮದುವೆಗೆ ಮುಂಚೆ ಮುಟ್ಟುವುದಿಲ್ಲ. ನಮ್ಮ ರಿವಾಜು."

ಹೇಳಿ ಆ ಹಣ್ಣನ್ನು ಇಂದೂಳ ಅಂಗೈಯಲ್ಲಿ ಇಟ್ಟು, ಕೈ ಮುಗಿದ.

ಮೇಮಸಾಹೇಬರು ಕಣ್ಣರಳಿಸಿದರು. ಸಾಹೇಬರೆಲ್ಲ ಚಪ್ಪಾಳೆ ತಟ್ಟಿದರು. ಮುತ್ತಿಗಿಂತ ಇದು ಅವರಿಗೆ ಹೆಚ್ಚು ಸ್ವಾರಸ್ಯವಾಗಿ ಕಂಡಿತು. ಕ್ರೇಲ್ ಮುಂದೆ ಬಂದು ಅವನ ಕೈ ಕುಲುಕಿದ. ಎಲುಬು ಒತ್ತುವಷ್ಟು ಗಟ್ಟಿಯಾಗಿ ಹಿಡಿದು, ನಗುತ್ತ, "ಅಭಿನಂದನೆಗಳು. ಮದುವೆಯಾದ ಹುಡುಗಿಯರನ್ನು ಕಂಪನಿ ಇಟ್ಟುಕೊಳ್ಳುವುದಿಲ್ಲ, ಗೊತ್ತಿದೆಯಲ್ಲ?" ಎಂದ.

ರಾಯರು ಹತ್ತಿರ ಬಂದರು. ಅವರಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. "ಏನಂದಿ ಲೇ? ನೀ ಯಾರು, ಆಕಿ ಯಾರು? ಅಪ್ಪಾಸಾಹೇಬಗ ನಾ ಏನ ಹೇಳ್ಲಿ?"

"ನೀವು ನೆಲಾ ನೋಡ್ಲಿಕ್ಕತ್ತಿದ್ರಿ," ಎಂದಳು ಇಂದೂ. "ಏನೂ ಕಾಣಲಿಲ್ಲ ಅಂತ ಹೇಳ್ರಿ."

ಅವಳ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಹೊರಗೆ ಇನ್ನೂ ಬೆಳಕಿತ್ತು. ಕ್ಯಾಂಪಿನ ಅಂಗಡಿಗಳ ಮುಂದೆ ಸೋಲ್ಜರರು ಗುಂಪುಗಟ್ಟಿ ನಿಂತಿದ್ದರು. ಇಬ್ಬರೂ ನಡುವೆ ಒಂದು ಮಾರು ಜಾಗ ಬಿಟ್ಟು ನಡೆದರು. ಟಾಂಗಾ ಸ್ಟ್ಯಾಂಡಿನ ಹತ್ತಿರ ಅವನು ಹೆಜ್ಜೆ ನಿಧಾನ ಮಾಡಿದ.

"ತಪ್ಪಾತ್ರಿ," ಎಂದ ಕಡೆಗೆ. "ಬ್ಯಾರೇ ಏನೂ ಹೊಳೀಲಿಲ್ಲ. ನಾಳೆ ಮನಿಗೆ ಬಂದು ನಿಮ್ಮ ಮಾವಾರಿಗೆ ಸುಳ್ಳ ಹೇಳಿದ್ದೆ ಅಂತ ಹೇಳತೀನಿ."

"ಸುಳ್ಳೇನು ಅದು?"

ಅವನು ನಿಂತ. ಅವಳೂ ನಿಂತಳು. ತಲೆ ಬಗ್ಗಿಸಿರಲಿಲ್ಲ.

"ಅಲ್ಲ," ಎಂದ.

"ಮತ್ತ ನನ್ನ ಕೇಳಲಾರದ ಊರಿಗೆಲ್ಲಾ ಹೇಳಿಬಿಟ್ರಿ."

"ಕೇಳಿದ್ರ ಏನಂತಿದ್ರಿ?"

"ಹೂಂ ಅಂತಿದ್ದೆ. ಆದ್ರ ಕೇಳಬೇಕಾಗಿತ್ತು. ಹದಿನಾಲ್ಕು ತಿಂಗಳು ಒಂದೊಂದ ಕಾಗದ ತಂದೀನಿ ನಾ."

ಅವನು ಟಾಂಗಾದವನ ಎದುರಿಗೇ, ಕುದುರೆಯ ಪಕ್ಕ ನಿಂತು ಕೇಳಿದ. "ಐತೇನ್ರಿ ಮನಸು?" ಎಂದ. ಅವಳು ನಕ್ಕು, ಅಳುತ್ತ, ಅವನದೇ ಮಾತಿನಲ್ಲಿ "ಐತಿ" ಎಂದಳು.

ಭಯ ಅಲ್ಲಿಗೆ ಮುಗಿಯಲಿಲ್ಲ. ರಾಯರು ಮರುದಿನ ಮಠದಲ್ಲಿ ಹೇಳಿದರು. ಅಪ್ಪಾಸಾಹೇಬರು ಅವಳನ್ನು ಅಟ್ಟದ ಕೋಣೆಯಲ್ಲಿ ಕೂಡಿಹಾಕಿದರು. ಆರನೆಯ ದಿನ ಮಿಸ್ ರೆಬೆಲೊ ಬಂದು, ಬಾಕಿ ಪಗಾರಕ್ಕೆ ಹುಡುಗಿಯ ಸಹಿ ಬೇಕು, ಆಫೀಸಿಗೇ ಬರಬೇಕು ಎಂದರು. ಪಗಾರದ ಮಾತಿಗೆ ಬಾಗಿಲು ತೆರೆಯಿತು. ಅವಳು ಮತ್ತೆ ಆ ಮನೆಗೆ ಹೋಗಲಿಲ್ಲ. ಮದುವೆಯ ತನಕ ಕ್ಯಾಂಪಿನ ಸೋಲಾಪುರ ಬಜಾರದಲ್ಲಿ ರೆಬೆಲೊ ಅವರ ಮನೆಯಲ್ಲೇ ಇದ್ದಳು. ಅಷ್ಟು ದಿನವೂ ಬೀದಿಯಲ್ಲಿ ಜೋರಾಗಿ ಹೆಜ್ಜೆ ಸಪ್ಪಳ ಕೇಳಿದರೆ ಒಲೆಯ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಜನವರಿ ಒಂದರ ಯಾದಿಯಲ್ಲಿ ಶಿವರುದ್ರಪ್ಪನ ಹೆಸರು ಇರಲಿಲ್ಲ, ಟೆಂಪರರಿ ಕೆಲಸವೂ ಆ ತಿಂಗಳಿಗೇ ಮುಗಿಯಿತು. ಫೆಬ್ರವರಿಯಲ್ಲಿ ರಿಜಿಸ್ಟ್ರಾರರ ಎದುರು ಮೂವರ ಸಾಕ್ಷಿಯಲ್ಲಿ ಇಬ್ಬರೂ ಸಹಿ ಹಾಕಿದರು. ಬೈಲಹೊಂಗಲದಿಂದ ಶಿವರುದ್ರಪ್ಪನ ಅಣ್ಣಂದಿರ ಕಾರ್ಡು ಬಂತು, ಇನ್ನು ಊರಿಗೆ ಬರಬೇಡ ಎಂದು, ಎರಡು ಸಾಲಿನದು. ಧಾರವಾಡದ ಅವಳ ನೆಂಟರಿಂದ ಏನೂ ಬರಲಿಲ್ಲ.

ಆ ಡಿಸೆಂಬರಿನಿಂದ ಯುಗಾದಿಯೊಳಗೆ ಇಬ್ಬರೂ ಕಳೆದುಕೊಂಡದ್ದು ಇಷ್ಟು. ನೌಕರಿ ಎರಡು. ಊರು ಎರಡು. ಅವನ ಅಣ್ಣಂದಿರು ಮೂವರು, ಅವಳ ಸೋದರಮಾವ ಒಬ್ಬ. ತಾಯಂದಿರು ಇಬ್ಬರು, ಇಬ್ಬರೂ ಬದುಕಿದ್ದಾರೆ.